ಅಜ್ಜಿಯ ಮುಖ ಬಿಡಿಸದ ಚುಕ್ಕಿ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಮೂರನೇ ಮಹಡಿಯ ಕೊನೇ ರೂಮಿಗೆ ಚುಕ್ಕಿ ಅಕ್ಕ ಬರ್ತಾರೆ. ಹೆಗಲ ಮೇಲಿನ ಬ್ಯಾಗನ್ನೂ ಕೆಳಗಿಡದೆ ನೇರ ಕಬ್ಬಿಣದ ಕಪಾಟಿನ ಹತ್ರ ಹೋಗ್ತಾರೆ. ಬಾಗಿಲು ಕಿರ್ರ್ ಅನ್ನುತ್ತೆ. ಕೆಳಗಿನ ಅರೆಯಲ್ಲಿ ಒಂದು ಬಟ್ಟೆ ಗಂಟು, ಒಳಗೆ ಚಪ್ಪಟೆಯಾಗಿರೋದು ಏನೋ ಇದೆ. ಕಪಾಟಿನ ಬಾಗಿಲ ಒಳಗಡೆ ಅಂಟಿಸಿರೋ ಕಾರ್ಡಲ್ಲಿ ಅದೇ ಗಂಟಿನ ಚಿತ್ರ, ಬರೀ ಚುಕ್ಕಿಗಳಲ್ಲಿ ಬಿಡಿಸಿರೋದು. ಅಕ್ಕ ಒಂದ್ಸಲ ಕಾರ್ಡ್ ನೋಡ್ತಾರೆ, ಒಂದ್ಸಲ ಗಂಟು. ಮತ್ತೆ ಕಾರ್ಡ್. ಮತ್ತೆ ಗಂಟು. 

ಫೋನ್ ಹೊಡ್ಕೊಳುತ್ತೆ. ಅಕ್ಕನ ಬಗ್ಗೆ ಬರೆಯೋಕೆ ಬಂದು ಮೂಲೇಲಿ ಕೂತಿರೋ ನಾನು ಬೆಚ್ಚಿಬೀಳ್ತೀನಿ, ಅವರು ಬೀಳಲ್ಲ.

"ಗಂಟು?" ಅಂತ ಆ ಕಡೆಯಿಂದ ಒಂದು ವಯಸ್ಸಾದ ದನಿ. ಹಲೋ ಇಲ್ಲ, ಏನಿಲ್ಲ.

"ಹಂಗೇ ಇದೆ ದೊಡ್ಡಮ್ಮ."

"ಎಡಗಡೆ ತುದಿ?"

"ಕೆಳಗೇ ಇದೆ."

"ಸರಿ. ಹೊಟ್ಟೆಗೆ ಏನಾದ್ರೂ ಹಾಕ್ಕೋ." ಫೋನ್ ಕಟ್.

ಆಮೇಲೆ ಬ್ಯಾಗ್ ಕೆಳಗಿಡ್ತಾರೆ. ಕಿಟಕಿ ತೆಗೀತಾರೆ. ಪೆನ್ನಿನ ಮೂತಿ ಒರೆಸ್ಕೊಂಡು ಕೂರ್ತಾರೆ. ದಿನಾ ಹಿಂಗೇ ಅಂತೆ. ಆದ್ರೆ ಇವತ್ತು ಒರೆಸಿದ ಮೂತಿಯನ್ನೇ ಮತ್ತೆ ಮತ್ತೆ ಒರೆಸ್ತಿದ್ದಾರೆ. ಯಾಕಂದ್ರೆ ಹಳೇ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ನೆಟ್ಟಿಗೆ ಹಾಕೋರು ಇವತ್ತು ಇದೇ ರೂಮಿಗೆ, ಇದೇ ಕಪಾಟಿಗೆ ಬರ್ತಿದ್ದಾರೆ. ಆ ಗಂಟಿನೊಳಗೆ ಇರೋದೂ ಒಂದು ಹಳೇ ಫೋಟೋನೇ. ಯಾರೂ ನೋಡಬಾರದ ಫೋಟೋ.

ಲೈಬ್ರರಿಗಳಲ್ಲಿ ದಪ್ಪ ದಪ್ಪ ವಿಶ್ವಕೋಶ ಇರುತ್ತಲ್ಲ, ಪರೀಕ್ಷೆ ಹಿಂದಿನ ದಿನ ನಾವು ದಿಂಬು ಮಾಡ್ಕೊಂಡು ಮಲಗ್ತೀವಲ್ಲ, ಅದರೊಳಗಿನ ಚಿತ್ರ ಬಿಡಿಸೋದು ಇವರು. ಬೀಗ, ಬುಟ್ಟಿ, ದೋಣಿ, ನೇಗಿಲು, ಬೇರೆ ಬೇರೆ ಜನ ಪೂಜೆ ಮಾಡೋ ವಸ್ತುಗಳು, ಎಲ್ಲಾನೂ ಚುಕ್ಕಿ ಇಟ್ಟು ಇಟ್ಟು ಬಿಡಿಸ್ತಾರೆ. ಗೆರೆ ಎಳೆಯೋದೇ ಇಲ್ಲ. ಅದಕ್ಕೇ ಆಫೀಸಲ್ಲಿ ಎಲ್ಲರಿಗೂ ಚುಕ್ಕಿ ಅಕ್ಕ. ಚಿತ್ರದ ಕೆಳಗೆ ವಸ್ತುವಿನ ಹೆಸರಿರುತ್ತೆ, ಇವರ ಹೆಸರಿರಲ್ಲ. ಒಂದು ಬೀಗಕ್ಕೆ ಒಂದೂವರೆ ದಿನ ಬೇಕು, ಹೆಣೆದ ಬುಟ್ಟಿಗೆ ನಾಲ್ಕು ದಿನ. ಒಂದು ಬುಟ್ಟೀಲಿ ಎಷ್ಟು ಚುಕ್ಕಿ ಇರುತ್ತೆ ಅಂತ ಕೇಳ್ದೆ. "ಎಣಿಸ್ತಾ ಕೂತ್ರೆ ಇಡೋರ್ಯಾರು?" ಅಂದ್ರು.

ಕುತ್ತಿಗೆ ನೋವು ಬಿಟ್ಟಿದ್ದೇ ಇಲ್ಲ. ಮಧ್ಯಾಹ್ನದ ಮೇಲೆ ಚುಕ್ಕಿಗಳು ಎರಡೆರಡು ಕಾಣ್ತವೆ, ಹಾಗಾಗಿ ಬೆಳಗಿನ ಬೆಳಕೇ ಗತಿ. ಬಸ್ ರಿಪೇರಿ ಮಾಡೋ ಅವರ ಯಜಮಾನರು ಮಾತ್ರ ಇದನ್ನೆಲ್ಲ ತಮಾಷೆ ಮಾಡ್ತಾರೆ. "ಊರಿನ ಬೀಗಾನೆಲ್ಲ ಬಿಡಿಸ್ದೆ, ಕಟ್ಕೊಂಡ ತಪ್ಪಿಗೆ ನನ್ ಮುಖಾನೂ ಒಂದ್ಸಲ ಬಿಡಿಸೇ" ಅಂತಾರಂತೆ. ಅಕ್ಕನ ಉತ್ತರ: "ನಿಮ್ ಮುಖಕ್ಕೆ ಇಂಕು ಸಾಲಲ್ಲ ರೀ."

ಅಕ್ಕನ ತಾಯಿ ಕಡೆಯವರು ಗುಡ್ಡದ ಜನ. ಬೇರೆ ಯಾರೂ ಬರೋಕೆ ಮುಂಚೆಯಿಂದ ಅಲ್ಲಿರೋ ಮೂಲನಿವಾಸಿಗಳು. ತಾಯಿ ಕೆಳಗಿಳಿದು ಬಂದು ಆಸ್ಪತ್ರೆಯ ಬಟ್ಟೆ ಒಗೆಯೋ ಕೆಲಸಕ್ಕೆ ಸೇರಿದ್ರು. ಹಬೆ ತುಂಬಿದ ಆ ರೂಮಲ್ಲಿ, ಬಟ್ಟೆ ಚೀಟಿಗಳ ಹಿಂದೆ ಚಿತ್ರ ಬಿಡಿಸ್ತಾ ಅಕ್ಕ ಬೆಳೆದ್ರು. ಚೀಟಿ ಒದ್ದೆ ಇರ್ತಿತ್ತು, ಗೆರೆ ಎಳೆದ್ರೆ ಹರಿದುಹೋಗ್ತಿತ್ತು. ಚುಕ್ಕಿ ಇಟ್ರೆ ಹರೀತಿರ್ಲಿಲ್ಲ. "ಅಷ್ಟೇ ಕಣೋ, ಕಲೆಗಿಲೆ ಏನಿಲ್ಲ" ಅಂತಾರೆ.

ಗುಡ್ಡದ ಮೇಲೆ ಆ ಜನರ ಹತ್ರ ಮರದಲ್ಲಿ ಕೆತ್ತಿದ ಮೂರ್ತಿ ಒಂದಿದೆ. ಹಸುಗೂಸಿನಷ್ಟು ಉದ್ದ. ಅವರು ಅದನ್ನ ಅಜ್ಜಿ ಅಂತಾರೆ, ಬೇರೆ ಹೆಸರು ಹೊರಗಿನವರಿಗೆ ಹೇಳಲ್ಲ. ಅಜ್ಜಿ ಯಾವಾಗ್ಲೂ ಬಟ್ಟೆಯೊಳಗೆ. ಮುಖ ನೋಡೋದು ಒಬ್ಬರೇ, ಅವಳನ್ನ ಕಾಯೋರು, ಅದೂ ಬಟ್ಟೆ ಬದಲಾಯಿಸುವಾಗ. ಈಗ ಕಾಯ್ತಿರೋದು ಅಕ್ಕನ ದೊಡ್ಡಮ್ಮ, ಬೆಳಗ್ಗೆ ಫೋನ್ ಮಾಡಿದವರು. ಅಕ್ಕನಿಗೂ ನೋಡೋ ಹಾಗಿಲ್ಲ.

ಹಳೇ ವಿಶ್ವಕೋಶದಲ್ಲಿ ಯಾರೋ ಅಜ್ಜಿ ಬಗ್ಗೆ "ಮಕ್ಕಳ ಆಟದ ಗೊಂಬೆ" ಅಂತ ಬರೆದುಬಿಟ್ಟಿದ್ರು. ಅದು ದೊಡ್ಡಮ್ಮನ ಕಿವಿಗೆ ಬಿದ್ದಿದ್ದೇ ತಡ, ಕೆಂಡಾಮಂಡಲ. "ಅಜ್ಜಿನ ಗೊಂಬೆ ಅಂದ್ರಂತಾ? ನಿಮ್ಮ ಪುಸ್ತಕದೋರಿಗೆ ಅಜ್ಜಿ ಇರ್ಲಿಲ್ವಾ?" ಅಂತ ಅಕ್ಕನಿಗೇ ಬೈಗುಳ. ಹೊಸ ಮುದ್ರಣದಲ್ಲಿ ತಿದ್ದೋಕೆ ಕೊನೆಗೆ ಒಪ್ಪಿದ್ರು. ಸರಿಯಾಗಿ ಬರೀರಿ, ಮೈ ಬಿಡಿಸ್ಕೊಳ್ಳಿ, ಮುಖ ಮಾತ್ರ ಹೊರಗೆ ಹೋಗಕೂಡದು ಅಂತ. ಅಕ್ಕ ಮಾತು ಕೊಟ್ರು.

ಮೂರು ದಿನ ಬೆಳಗ್ಗೆ ದೊಡ್ಡಮ್ಮ ಬಾಗಿಲ ಬೆಳಕಲ್ಲಿ ಅಜ್ಜಿನ ತೊಡೆ ಮೇಲೆ ಮಲಗಿಸ್ಕೊಂಡು, ಮುಖದ ಮೇಲೆ ಅಂಗೈ ಇಟ್ಕೊಂಡು ಕೂತ್ರು. ಕೈ ಒಂದ್ಸಲಾನೂ ಎತ್ತಲಿಲ್ಲ.

"ಕೈ ಜೋಮು ಹಿಡೀತಾ ಇದೆ, ಬೇಗ ಮಾಡೇ."

"ಅಲ್ಲಾಡ್ಬೇಡ ದೊಡ್ಡಮ್ಮ."

"ಮೂಗು ಕೆರೀತಿದೆ."

"ನಾನೇ ಕೆರೀತೀನಿ ತಡಿ."

ಚಿತ್ರ ಮುಗೀತು. ಕೈ ಇದ್ದ ಜಾಗ ಖಾಲಿ, ಬಿಳಿ. ಅಷ್ಟರಲ್ಲಿ ಅಕ್ಕನಿಗೆ ಜ್ವರ ಬಂತು, ಚಿತ್ರ ಆಫೀಸಿಗೆ ಕಳಿಸಿ ಮಲಗಿಬಿಟ್ರು. ಮುಖದ ಜಾಗ ಹಂಗೇ ಖಾಲಿ ಇರ್ಲಿ ಅಂತ ಚಿತ್ರದ ಜೊತೆ ಒಂದು ಮಾತು ಹೇಳಿ ಕಳಿಸಬೇಕಿತ್ತು, ಹೇಳಲಿಲ್ಲ. ಪುಟ ಜೋಡಿಸೋ ಪೇಜಣ್ಣ ನೋಡಿದ್ರು. ಪಾಪ, ಅಕ್ಕನಿಗೆ ಹುಷಾರಿಲ್ಲದೆ ಅರ್ಧಕ್ಕೇ ಬಿಟ್ಟಿದ್ದಾರೆ ಅಂದ್ಕೊಂಡ್ರು. ಕಪಾಟೆಲ್ಲ ತಡಕಾಡಿ, ಎಷ್ಟೋ ವರ್ಷದ ಹಿಂದೆ ಯಾರೋ ಹೊರಗಿನವನು ಕೇಳದೆ ಬಟ್ಟೆ ಸರಿಸಿ ತೆಗೆದ ಒಂದು ಫೋಟೋ ಹುಡುಕಿದ್ರು. ರಜಾ ದಿನ ಬಂದು ಕೂತು, ಅಕ್ಕನ ಥರಾನೇ ಚುಕ್ಕಿ ಇಟ್ಟು ಮುಖ ತುಂಬಿಸಿಬಿಟ್ರು!

ಅಕ್ಕ ವಾಪಸ್ ಬಂದಾಗ ಟೇಬಲ್ ಮೇಲೆ ಚಿತ್ರ ಇಟ್ಟು, "ನಿಮ್ ಹೆಸರು ಕೆಡಬಾರದು ಅಂತ ಮಾಡ್ದೆ ಅಕ್ಕ, ನೋಡಿ, ಯಾರಿಗೂ ಗೊತ್ತಾಗಲ್ಲ" ಅಂದ್ರಂತೆ ಪೇಜಣ್ಣ, ಖುಷಿಯಾಗಿ.

"ಒಂದು ಕಣ್ಣು ಕಾಣಿಸ್ತು" ಅಂತಾರೆ ಅಕ್ಕ. "ಅಷ್ಟರಲ್ಲಿ ಅಂಗೈ ಇಟ್ಟುಬಿಟ್ಟೆ. ಬಯ್ಯೋಣ ಅಂದ್ರೆ ಬಾಯೇ ಬರ್ಲಿಲ್ಲ. ಪ್ರೀತಿಯಿಂದ ಮಾಡಿದ್ದ."

ಮಾರನೇ ದಿನ ಪ್ರಿಂಟಿಗೆ ಹೋಗ್ಬೇಕು. ಅಳಿಸೋಣ ಅಂದ್ರೆ ಮುಖ ನೋಡದೆ ಅಳಿಸೋದು ಹೆಂಗೆ? ಅಕ್ಕ ಗೋಡೆ ಕಡೆ ತಿರುಗಿ ನಿಂತ್ರು. ಹೆಂಗೂ ನೋಡಿಯಾಗಿದ್ದ ಪೇಜಣ್ಣನೇ ಮೇಲೆ ಬಿಳಿ ಕಾಗದ ಅಂಟಿಸಬೇಕಾಯ್ತು.

"ಪೂರ್ತಿ ಮುಚ್ತಾ?"

"ಮುಚ್ತು ಅಕ್ಕ."

"ಕಿವಿ ತನಕ?"

"ಇದಕ್ಕೆ ಕಿವಿ ಎಲ್ಲಕ್ಕ ಇದೆ, ಇದು..."

"ಹೇಳ್ಬೇಡಾ!"

ಇದನ್ನ ಹೇಳ್ತಾ ಪೇಜಣ್ಣ ಈಗ್ಲೂ ಕಿವಿ ಹಿಡ್ಕೋತಾರೆ. ಆ ಬಿಳಿ ಕಾಗದದ ಮೇಲೆ ಅಕ್ಕ, ಚುಕ್ಕಿ ಎರಡೆರಡು ಕಂಡ್ರೂ, ಬೆಳಗಾಗೋವರೆಗೂ ಕೂತು ದೊಡ್ಡಮ್ಮನ ಕೈ ಬಿಡಿಸಿದ್ರು. ಗೆಣ್ಣು, ಸುಕ್ಕು, ಒಡೆದ ಉಗುರು ಸಮೇತ. "ಖಾಲಿ ಬಿಟ್ರೆ ಯಾರಾದ್ರೂ ತುಂಬಿಸ್ತಾರೆ. ಕೈ ಇದ್ರೆ ಯಾರೂ ಎತ್ತಿ ನೋಡಲ್ಲ." ಈಗ ಲೈಬ್ರರೀಲಿ ಆ ಪುಟ ತೆಗೆದ್ರೆ ಅದೇ ಇದೆ. ಅಜ್ಜಿ, ಅವಳ ಮುಖದ ಮೇಲೆ ಒಂದು ಮುದಿ ಕೈ.

ಪುಟ ನೋಡೋಕೆ ಬಂದ ದೊಡ್ಡಮ್ಮ ಚಿತ್ರದ ಪಕ್ಕ ತನ್ನ ಕೈ ಇಟ್ಟು ನೋಡಿದ್ರು. ಆಮೇಲೆ, "ನನ್ ಬೆರಳು ಇಷ್ಟು ದಪ್ಪಾನಾ?" ಅಂದ್ರು. ಪೇಜಣ್ಣನ ತಪ್ಪಿಗೆ ಶಿಕ್ಷೆಯೂ ಆಯ್ತು. ಅಜ್ಜಿಗೆ ಬದಲಾಯಿಸೋ ಬಟ್ಟೆ ಇನ್ಮೇಲೆ ಪ್ರತಿ ಸಲ ಅವರೇ ತಂದುಕೊಡ್ಬೇಕು, ಹತ್ತೀದೇ ಆಗ್ಬೇಕು. ಮುಖದ ಆ ಹಳೇ ಫೋಟೋನ ತಗೊಂಡು ಹೋಗ್ತೀನಿ ಅಂತ ದೊಡ್ಡಮ್ಮ ಹಟ ಹಿಡಿದ್ರು. ಸಂಪಾದಕಿ ಮೇಡಂ, "ಆಫೀಸಿನ ಆಸ್ತಿ ತಾಯಿ, ಕೊಡೋದು ನನ್ನ ಕೈಲಿಲ್ಲ, ಮೇಲಿನವರನ್ನ ಕೇಳ್ತೀನಿ" ಅಂದ್ರು. ದೊಡ್ಡಮ್ಮ ಹೊದ್ದಿದ್ದ ಬಟ್ಟೇಲೇ ಫೋಟೋ ಸುತ್ತಿ, ಅವರ ಕಡೆಯ ಗಂಟು ಹಾಕಿ ಹೋದ್ರು. ಬೇರೆಯವರು ಬಿಚ್ಚಿದ್ರೆ ಮತ್ತೆ ಹಂಗೇ ಕಟ್ಟೋಕಾಗಲ್ಲ. ಅಕ್ಕ ಕಾರ್ಡಲ್ಲಿ ಬಿಡಿಸಿಟ್ಟಿರೋದು ಆ ಗಂಟನ್ನೇ.

ಮೇಲಿನವರ ಉತ್ತರ ಇನ್ನೂ ಬಂದಿಲ್ಲ.

ಕಣ್ಣು ನೋಡಿದ್ದನ್ನ ಅಕ್ಕ ಅವತ್ತೇ ದೊಡ್ಡಮ್ಮನಿಗೆ ಹೇಳಿದ್ರು. ಬಸ್ ಹತ್ತುವಾಗ ದೊಡ್ಡಮ್ಮ, "ಅದನ್ನ ಕಾಗದಕ್ಕೆ ಇಳಿಸಬೇಡ" ಅಂದ್ರು. ಅಷ್ಟೇ. ಆದ್ರೆ ಇಡೀ ಜನ್ಮ ಕಂಡಿದ್ದನ್ನ ಬಿಡಿಸ್ತಾ ಬಂದಿರೋ ಕೈ ಅದು. "ಕಣ್ಮುಚ್ಚಿದ್ರೆ ಅದೇ ಬರುತ್ತೆ. ಅದಕ್ಕೇ ಬೇಗ ಎದ್ದುಬಿಡ್ತೀನಿ" ಅಂತಾರೆ. ಇವತ್ತು ಬಿಡಿಸ್ತಿರೋದು ಒಂದು ಹಳೇ ಬೀಗ. ಕೀಲಿ ತೂರಿಸೋ ತೂತಿನ ಹತ್ರ ಬಂದಾಗ ಪೆನ್ನು ನಿಂತುಬಿಡುತ್ತೆ. ಕಾಗದ ತಿರುಗಿಸಿ, ದೂರ ಹಿಡಿದು ನೋಡ್ತಾರೆ. "ಬೀಗದ ತೂತೇ ತಾನೇ ಇದು?" ಅಂತ ನನ್ನ ಕೇಳ್ತಾರೆ. ಹೌದಕ್ಕ, ತೂತೇ ಅಂತೀನಿ. ಆಗ ಮುಂದಿನ ಚುಕ್ಕಿ.

ಹತ್ತು ಗಂಟೆಗೆ ಬಂದೇಬಿಡ್ತಾಳೆ, ಸ್ಕ್ಯಾನಿನವಳು. ತಳ್ಳುಗಾಡಿ, ಕೈಗವಸು, ಬಾಯಲ್ಲಿ ಹಾಡು. ಮೇಲಿನ ಅರೆ ಮುಗೀತು, ನಡುವಿನದು ಮುಗೀತು. ಅಕ್ಕ ಒಂದೇ ಜಾಗದಲ್ಲಿ ಚುಕ್ಕಿ ಮೇಲೆ ಚುಕ್ಕಿ ಇಡ್ತಿದ್ದಾರೆ, ಕಾಗದ ತೂತು ಬೀಳೋದೊಂದು ಬಾಕಿ. ಸ್ಕ್ಯಾನಿನವಳು ಗಂಟು ಎತ್ಕೊಂಡು ಟೇಬಲ್ ಮೇಲಿಡ್ತಾಳೆ. "ಇದೇನಿದು, ಯಾರದಾದ್ರೂ ಊಟದ ಡಬ್ಬೀನಾ?" ಅಂತ ನಗ್ತಾ ತುದಿಗೆ ಬೆರಳು ಹಾಕ್ತಾಳೆ.

ಅಕ್ಕ ಕೂಗಲಿಲ್ಲ. ಎದ್ದು ಬಂದು ಗಂಟಿನ ಮೇಲೆ ಅಂಗೈ ಇಟ್ರು. ಲೈಬ್ರರಿ ಪುಟದಲ್ಲಿರೋ ಕೈ ಇದೆಯಲ್ಲ, ಥೇಟ್ ಹಂಗೇ.

"ಮೇಡಂ, ನಂಗೆ ಕಪಾಟು ಖಾಲಿ ಮಾಡಿ ಅಂದಿದ್ದಾರೆ..."

"ಮಾಡಮ್ಮ. ಇದೊಂದು ಬಿಡು."

ಸಂಪಾದಕಿ ಮೇಡಂ ಓಡಿಬಂದ್ರು. ಪೇಜಣ್ಣನೂ ಬಂದ್ರು. ಒಂದನ್ನೂ ಬಿಡೋ ಹಾಗಿಲ್ಲ ಅಂತ ಮೇಲಿನಿಂದ ಆರ್ಡರು, ಅಕ್ಕ ಕೈ ಎತ್ತಲ್ಲ. ಮೇಡಂ ಹಣೆ ಒತ್ಕೊಂಡು ನಿಂತ್ರು. ಕೊನೆಗೆ, "ಬಿಚ್ಚಿ ಅಂತ ಆರ್ಡರಲ್ಲಿ ಇಲ್ವಲ್ಲ. ಗಂಟು ಹೆಂಗಿದೆಯೋ ಹಂಗೇ ಫೋಟೋ ತೆಗೀರಿ" ಅಂದ್ರು.

"ಬಟ್ಟೆ ಗಂಟು ನೆಟ್ಟಿಗೆ ಹಾಕೋದಾ? ಜನ ಏನಂತಾರೆ?" ಅಂದ್ಳು ಸ್ಕ್ಯಾನಿನವಳು.

"ಏನೂ ಕಾಣಿಸ್ತಿಲ್ಲ ಅಂತಾರೆ" ಅಂದ್ರು ಪೇಜಣ್ಣ. "ಕಾಣಿಸದೇ ಇದ್ರೇನೇ ಒಳ್ಳೇದಮ್ಮ, ನನ್ನ ಕೇಳು."

ಬಟ್ಟೆ ತೋರಿಸಬಹುದಾ ಅಂತ ದೊಡ್ಡಮ್ಮನಿಗೇ ಫೋನ್ ಹೋಯ್ತು. "ಬಟ್ಟೆ ತೋರಿಸ್ಲಿ. ಒಗೆದದ್ದೇ ಅದು" ಅಂದ್ರು ದೊಡ್ಡಮ್ಮ.

ಹೀಗೆ ಗಂಟಿನ ಫೋಟೋ ಮಾತ್ರ ಹೋಯ್ತು. ಗಂಟು ಕಪಾಟಿಗೆ ಬಂತು. ಆದ್ರೆ ಒಳಗಿನ ಫೋಟೋ ಇನ್ನೂ ಇಲ್ಲೇ ಇದೆ, ಮೇಡಂ ಮುಂದಿನ ವರ್ಷ ನಿವೃತ್ತಿ, ದೊಡ್ಡಮ್ಮನಿಗೆ ಮೊಣಕಾಲು ನೋವು. ಅಕ್ಕ ಇದನ್ನೆಲ್ಲ ಒಂದೇ ಉಸಿರಲ್ಲಿ ಹೇಳಿದ್ರು. ನಿಮಗೆ ಏನಾಗಬೇಕಕ್ಕ ಅಂತ ಕೇಳ್ದೆ. ಚಿತ್ರದ ಕೆಳಗೆ ಹೆಸರು ಬೇಕು ಅಂತಾರೇನೋ ಅಂದ್ಕೊಂಡಿದ್ದೆ.

"ದೊಡ್ಡಮ್ಮ ಮೆಟ್ಟಿಲು ಹತ್ತೋ ಹಂಗಿರುವಾಗ್ಲೇ ಬರ್ಬೇಕು. ತಾನೇ ಅದನ್ನ ಎತ್ಕೊಂಡು ಹೋಗ್ಬೇಕು. ಆಮೇಲೆ ಒಂದಿನ ನಾನು ಬಿಸಿಲು ಬರೋವರೆಗೂ ಮಲಗ್ಬೇಕು."

ಹೇಳಿ ಕಪಾಟಿನ ಹತ್ರ ಹೋದ್ರು. ಕಾರ್ಡ್ ನೋಡಿದ್ರು. ಗಂಟು ನೋಡಿದ್ರು. ಸ್ಕ್ಯಾನಿನವಳು ಬೆರಳು ಹಾಕಿದ್ದಲ್ಲಿ ಎಡಗಡೆ ತುದಿ ಒಂಚೂರು ಮೇಲೆದ್ದಿತ್ತು. ಮುಟ್ಟಿ ಸರಿಮಾಡಲಿಲ್ಲ. ಬೇರೆ ಕಾರ್ಡ್ ತಗೊಂಡು, ಪೆನ್ನಿನ ಮೂತಿ ಒರೆಸಿ, ಈಗ ಹೆಂಗಿದೆಯೋ ಹಂಗೇ ಬಿಡಿಸೋಕೆ ಕೂತ್ರು. ನಾಳೆ ಬೆಳಗ್ಗೆ ದೊಡ್ಡಮ್ಮ ತುದಿ ಕೇಳ್ತಾರಲ್ಲ.