ಎಲ್ಲ ಹಕ್ಕಿಗಳನ್ನು ಕಾಯ್ದಿರಿಸಲಾಗಿದೆ

ಇನ್ನೊಬ್ಬರ ಬರಹದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆಯಿರಲಿ, ಸಂಘದ ವಾರ್ಷಿಕ ವರದಿಯಿರಲಿ, ಒಂದು ಒತ್ತಕ್ಷರ ಜಾಗ ತಪ್ಪಿದ್ದರೂ ನನಗೆ ಊಟ ಸೇರುವುದಿಲ್ಲ. "ಮೇಡಮ್ಮೋರ ಕೈಯಾಗ ಸಿಕ್ರ ಕಾಮಾನೂ ಬಿಡಂಗಿಲ್ಲ" ಎಂದು ಗಿರಾಕಿಗಳು ಛೇಡಿಸುತ್ತಾರೆ. ಹಾಗೆ ಅನ್ನಿಸಿಕೊಂಡು ಒಳಗೊಳಗೇ ಉಬ್ಬುತ್ತಿದ್ದವಳು ನಾನು.

ಗುಡೇಕೋಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೋದ ಬೇಸಿಗೆಯಲ್ಲಿ ಫೋನು ಮಾಡಿದರು. ಎಷ್ಟೋ ವರ್ಷಗಳ ಹಿಂದೆ, ನಾನಿನ್ನೂ ಬೇರೆಯವರ ಅಂಗಡಿಯಲ್ಲಿ ಸಂಬಳಕ್ಕೆ ಟೈಪು ಮಾಡುತ್ತಿದ್ದಾಗ, ಅವರು ವಾರಕ್ಕೊಮ್ಮೆ ನೋಟ್‌ಬುಕ್ಕು ಹಿಡಿದು ಬರುತ್ತಿದ್ದರು. ಅದರ ತುಂಬ ಕುರಿ ಕಾಯುವವರ ಮಾತುಗಳು. ಮರಿಯ ವಯಸ್ಸಿಗೊಂದು ಹೆಸರು, ಕಿವಿಯ ಆಕಾರಕ್ಕೊಂದು, ಉಣ್ಣೆಯ ಬಣ್ಣಕ್ಕೊಂದು. ಗುಡ್ಡದ ಮುಳ್ಳುಗಿಡಗಳಿಗೆ ನಾನು ಕಂಡುಕೇಳದ ಹೆಸರುಗಳಿದ್ದವು. ಅವರ ಹೆಂಡತಿ ಕುರಿ ಸಾಕುವ ಮನೆಯಿಂದ ಬಂದವರು. ಆಕೆ ಹೇಳುವುದು, ಇವರು ಬರೆಯುವುದು, ನಾನು ಕಂಪ್ಯೂಟರಿಗೆ ಹಾಕುವುದು. ಪುಸ್ತಕ ಮಾತ್ರ ಆಗಲೇ ಇಲ್ಲ. ಆಮೇಲೆ ಆಕೆ ತೀರಿಕೊಂಡರು, ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತು. ಉಳಿದದ್ದು ನಾನು ಟೈಪು ಮಾಡಿ ಸಿಡಿಯಲ್ಲಿ ಇಟ್ಟುಕೊಂಡಿದ್ದ ಕಡತ ಒಂದೇ.

"ಈಗರೆ ಅಚ್ಚು ಹಾಕಸೂಣ್ರಿ," ಎಂದರು ಮೇಷ್ಟ್ರು. "ಕಣ್ಣು ಹೋಗ್ಯಾವು, ಓದಾಕ ಆಗಂಗಿಲ್ಲ. ಆಕಿ ಮಾತು ಒಮ್ಮೆ ಕೈಯಾಗ ಹಿಡೀಬೇಕು, ಅಷ್ಟ."

ಕಡತ ತೆರೆದರೆ ಪರದೆಯ ತುಂಬ ಸೊನ್ನೆ, ಗೀಟು, ಪ್ರಶ್ನಾರ್ಥಕ ಚಿಹ್ನೆ. ಆಗಿನ ಆ ಕನ್ನಡ ತಂತ್ರಾಂಶದ ಕಂಪನಿ ಎಂದೋ ಬಾಗಿಲು ಹಾಕಿದೆ. ಅದರ ಮೂಲ ಡಿಸ್ಕ್ ಸಿಕ್ಕರಷ್ಟೇ ಕಡತ ಬಾಯಿ ಬಿಡುತ್ತದೆ. ಹಳೆ ಸಾಮಾನು ಮಾರುವ ಆ್ಯಪುಗಳಲ್ಲಿ ಹುಡುಕಿ ಎರಡು ಕಡೆ ಹಣ ಕಟ್ಟಿದೆ. ಒಂದನ್ನು ಹರಪನಹಳ್ಳಿಯ ಹೆಂಗಸೊಬ್ಬರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದರು. ಇನ್ನೊಂದು ಯಾವುದೋ ದೊಡ್ಡ ಊರಿನಿಂದ ಕೊರಿಯರಿನಲ್ಲಿ ಬರುವುದಿತ್ತು.

ಹರಪನಹಳ್ಳಿಯ ಡಬ್ಬಿ ಮಾಸಿತ್ತು, ಮೂಲೆ ಒಡೆದಿತ್ತು. ಹಿಂಬದಿ ಓದಿದೆ. "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಎಂದು ಇರಬೇಕಾದ ಕಡೆ "ಎಲ್ಲ ಹಕ್ಕಿಗಳನ್ನು ಕಾಯ್ದಿರಿಸಲಾಗಿದೆ" ಎಂದಿತ್ತು! ಬಿದ್ದು ಬಿದ್ದು ನಕ್ಕೆ. ಕನ್ನಡದ ತಂತ್ರಾಂಶ ಮಾರುವ ಕಂಪನಿ ತನ್ನ ಡಬ್ಬಿಯ ಮೇಲೇ ಗುಬ್ಬಿ, ಗಿಳಿ, ಕಾಗೆಗಳನ್ನು ಕಾಯ್ದಿರಿಸುತ್ತದೆಯೇ? ನಕಲಿ, ಖಂಡಿತ ನಕಲಿ. ನಕಲಿ ಡಿಸ್ಕಿನಲ್ಲಿ ವೈರಸ್ ಇದ್ದು ಇದ್ದಬದ್ದ ಕಡತಗಳನ್ನೂ ನುಂಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಹಾಗಾಗಿ ಅದನ್ನು ಕಂಪ್ಯೂಟರಿಗೆ ಹಾಕಿ ನೋಡಲೂ ಇಲ್ಲ.

ಬಿಸಿಬಿಸಿಯಾಗಿ ಒಂದು ಮೆಸೇಜು ಬರೆದೆ. ಒಂದೂ ಕಾಗುಣಿತದ ತಪ್ಪಿರಲಿಲ್ಲ. "ಕಳ್ಳಮಾಲು ಮಾರಿ ಹೊಟ್ಟೆ ಹೊರೆಯಲು ನಿಮಗೆ ನಾಚಿಕೆಯಾಗುವುದಿಲ್ಲವೇ? ಇದನ್ನು ಮಾಡಿದವನ ಮೇಲೂ ಮಾರಿದವರ ಮೇಲೂ ದೂರು ಕೊಡುತ್ತೇನೆ." ಡಿಸ್ಕನ್ನು ಅದೇ ಬಸ್ಸಿಗೆ ವಾಪಸು ಹಾಕಿದೆ. ಆಕೆಯಿಂದ ಉತ್ತರ ಬರಲಿಲ್ಲ. ಹಣ ಮಾತ್ರ ಸಂಜೆಯೊಳಗೆ ಮರಳಿ ಬಂತು. ಸಿಕ್ಕಿಬಿದ್ದರು, ಹೆದರಿದರು ಎಂದುಕೊಂಡೆ.

ಎರಡನೆಯದು ಬಂತು. ಥಳಥಳ ಹೊಳೆಯುವ ಡಬ್ಬಿ, ಅಚ್ಚುಕಟ್ಟಾದ "ಹಕ್ಕುಗಳು". ಖುಷಿಯಿಂದ ಹಾಕಿದೆ. ಅರ್ಧ ದಾರಿಗೆ ಹೋಗಿ ನಿಂತಿತು. ನಾಲ್ಕು ದಿನ ಗುದ್ದಾಡಿದರೂ ನಿಂತಲ್ಲಿಂದ ಅಲ್ಲಾಡಲಿಲ್ಲ. ಕೊನೆಗೆ ಕೊಟ್ಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಒಂದು ಕಾಲಕ್ಕೆ ಕೂಡ್ಲಿಗಿಯಿಂದ ಹಡಗಲಿವರೆಗಿನ ಡಿಟಿಪಿ ಅಂಗಡಿಗಳಿಗೆಲ್ಲ ಈ ತಂತ್ರಾಂಶ ಹಾಕಿಕೊಟ್ಟವರು ಅವರೇ.

ಅವರು ಡಬ್ಬಿ ಓದಲಿಲ್ಲ. ಡಿಸ್ಕನ್ನು ಬೋರಲು ಮಾಡಿ ಬೆಳಕಿಗೆ ಹಿಡಿದರು.

"ಇದರ ಹೊಟ್ಟಿ ನೋಡ್ರಿ, ನೇರಳೆ ಬಣ್ಣ ಐತಿ. ಮನ್ಯಾಗ ಕಾಪಿ ಹೊಡೆದದ್ದು. ಕಂಪನಿದು ಬೆಳ್ಳಿ ಇದ್ದಂಗ ಇರ್ತೈತಿ, ನಡುವಿನ ತೂತಿನ ಸುತ್ತ ಸಣ್ಣ ನಂಬರು ಕೊರೆದಿರ್ತಾರ." ಆಮೇಲೆ ಡಬ್ಬಿ ತಿರುಗಿಸಿ ನೋಡಿ ನಕ್ಕರು. "ಕಾಪಿ ಮಾಡಾವ ಶಾಣ್ಯಾ ಅದಾನ. ಹಕ್ಕಿ ತಿದ್ದ್ಯಾನ."

"ಹಕ್ಕಿ ಅಂದರೆ?" ಎಂದೆ.

"ಕಂಪನ್ಯಾವ್ರು ಹಕ್ಕುಗಳು ಅನ್ನೋದನ್ನ ಹಕ್ಕಿಗಳು ಅಂತ ಅಚ್ಚು ಹಾಕಿಬಿಟ್ಟಿದ್ರು. ಹಕ್ಕಿ ಸಿಡಿ ಅಂತನ ಕರೀತಿದ್ವಿ, ಈಗ ನನ್ನ ಕಡೆ ಒಂದೂ ಉಳಿದಿಲ್ಲ. ಹಕ್ಕಿ ಇದ್ರ ಅಸಲಿ. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ನಾನು ಸಂಬಳಕ್ಕಿದ್ದ ಅಂಗಡಿಯಲ್ಲಿ ಮಾಲೀಕರೇ ಎಲ್ಲ ಹಾಕಿಸಿಡುತ್ತಿದ್ದರು, ಡಬ್ಬಿಯನ್ನು ನಾನು ಕಂಡವಳೇ ಅಲ್ಲ. ಅಸಲಿಯನ್ನು ಕೈಯಲ್ಲಿ ಹಿಡಿದು, ತಪ್ಪು ಕಂಡುಹಿಡಿದೆನೆಂದು ಬೀಗಿ, ನಾನೇ ಬಸ್ಸಿಗೆ ಹತ್ತಿಸಿ ಕಳಿಸಿದ್ದೆ. ಹರಪನಹಳ್ಳಿಗೆ ಫೋನು ಮಾಡಿದೆ. ಆಕೆ ಎತ್ತಲಿಲ್ಲ. ಕೊಟ್ಟೂರಿನಿಂದಲೇ ಹರಪನಹಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಜಪ, ಅದನ್ನು ಬೇರೆ ಯಾರಿಗೂ ಮಾರಿರದಿರಲಿ.

ವಿಳಾಸ ಆ್ಯಪಿನಲ್ಲೇ ಇತ್ತು. ಬಾಗಿಲು ತೆರೆದ ಹೆಂಗಸಿಗೆ ನನ್ನ ವಯಸ್ಸೇ ಇರಬಹುದು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಬಿಗಿಯಿತು. ಆದರೂ ಒಳಗೆ ಕರೆದು, ಕುರ್ಚಿ ಹಾಕಿ ನೀರು ಕೊಟ್ಟರು.

"ಆ ಡಿಸ್ಕು ಬೇಕಿತ್ತು," ಎಂದೆ. "ಎಷ್ಟಾದರೂ ಕೊಡುತ್ತೇನೆ."

"ಅದು ಇಲ್ಲ ಕಣ್ರೀ. ಮುರಿದು ಒಲೆಗೆ ಹಾಕ್ದೆ."

ತಮಾಷೆ ಮಾಡುತ್ತಿದ್ದಾರೆಯೇ ಎಂದು ಅವರ ಮುಖ ನೋಡಿದೆ. ಹಾಗೇನೂ ಇರಲಿಲ್ಲ.

"ನೀವೇ ಬರೆದಿದ್ರಲ್ಲ, ಕಳ್ಳಮಾಲು, ದೂರು ಕೊಡ್ತೀನಿ ಅಂತ," ಎಂದರು. "ನಮ್ಮ ಯಜಮಾನ್ರು ಸಾಯೋ ತನಕ ಅದ್ರಾಗೇ ದುಡಿದ್ರು. ಕಂಪನಿ ಮಾಲು ಅಂತಾನೇ ನಂಬಿದ್ದೆ ನಾನು. ಓದಿದೋರು ನೀವು ಅಲ್ಲ ಅಂದ್ರಿ. ಸತ್ ಮೇಲೆ ಅವ್ರನ್ನ ಯಾರೂ ಕಳ್ಳ ಅನ್ನಬಾರ್ದು ಅಂತ ಸುಟ್ಟಾಕ್ದೆ."

"ಪೂರ್ತಿ ಸುಟ್ಟಿತೇ? ಇನ್ನೊಂದು ಪ್ರತಿ? ಅವರ ಹಳೆ ಕಂಪ್ಯೂಟರ್?" ನಾನು ಕೇಳುತ್ತಲೇ ಇದ್ದೆ. ಕಂಪ್ಯೂಟರ್ ಗುಜರಿಗೆ ಹೋಗಿತ್ತು, ಬೇರೆ ಪ್ರತಿ ಇರಲಿಲ್ಲ. ಎದ್ದು ಹೊರಟುಬಂದೆ.

ಮರಳುವ ಬಸ್ಸಿನಲ್ಲಿ ಕೂತು ಮೇಷ್ಟ್ರಿಗೆ ಫೋನು ಮಾಡಿದೆ. ಅವರಿಂದ ಮುಚ್ಚಿಡುವ ಧೈರ್ಯ ನನಗಿರಲಿಲ್ಲ. ಹಕ್ಕಿ, ಮೆಸೇಜು, ಒಲೆ, ಎಲ್ಲವನ್ನೂ ಒದರಿದೆ. ಕಡತ ಇನ್ನು ತೆರೆಯುವ ಆಸೆಯಿಲ್ಲ ಎಂದೂ ಹೇಳಿದೆ. ಬೈಯಲಿ, ಬೈದರೆ ಹಗುರಾದೇನು ಎಂದು ಕಾಯುತ್ತಿದ್ದೆ.

"ಆ ಹೆಣ್ಮಗಳಿಗೆ ತಪ್ಪಾತು ಅಂದ್ರಿಲ್ರಿ?" ಎಂದು ಕೇಳಿದರು.

ನಾನು ಅಂದಿರಲಿಲ್ಲ. ಆ ಮನೆಯಲ್ಲಿ ಅಷ್ಟು ಹೊತ್ತು ಕೂತು, ಅವರು ಕೊಟ್ಟ ನೀರು ಕುಡಿದು, ಡಿಸ್ಕಿನ ವಿಷಯ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಅದು ಹೊಳೆದದ್ದೇ ಆಗ. ಬಸ್ಸು ಊರು ದಾಟಿತ್ತು.

"ಅಂದೆ ಸರ್," ಎಂದೆ.

"ಚಲೋ ಆತು ಬಿಡ್ರಿ," ಎಂದರು ಮೇಷ್ಟ್ರು. "ಅಷ್ಟಾದ್ರೂ ಉಳೀತು."