ಕಾಕುವಿನ ಹಾಡುಗಳು ಮತ್ತು ನಮ್ಮ ಮನೆಯವರ ಪ್ಲಗಿನ್ನುಗಳು

ಚಿಕ್ಕೋಡಿಯ ನಮ್ಮ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಗೂಡಿನಲ್ಲಿ, ಒಂದು ಕರಿ ಡಬ್ಬಿ ಸದಾ ಗುಂಯ್ ಅನ್ನುತ್ತ ಕೂತಿರುತ್ತದೆ. ಅದಕ್ಕೆ ಸರ್ವರ್ ಎಂದು ಹೆಸರು. ಹೆಸರು ಕೇಳಿ ಏನೋ ಘನವಾದದ್ದು ಎಂದುಕೊಳ್ಳಬೇಡಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಶಾಲೆಯವರು ಮಾರಿದ ಹಳೆಯ ಕಂಪ್ಯೂಟರೊಂದನ್ನು ತಂದು, ಅದಕ್ಕೊಂದು ದೊಡ್ಡ ಡಿಸ್ಕ್ ಹಾಕಿ, ಮನೆಯ ಫೋಟೋ, ವಿಡಿಯೋ, ಹಾಡುಗಳನ್ನೆಲ್ಲ ಒಂದೇ ಕಡೆ ಇಟ್ಟೆ. ಮನೆಯಲ್ಲಿ ಯಾರೇ ಆಗಲಿ ಟೀವಿಯಲ್ಲೋ ಫೋನಿನಲ್ಲೋ ತೆರೆದು ನೋಡಬಹುದು, ಕೇಳಬಹುದು. ಅಷ್ಟೇ ಅದರ ಕೆಲಸ. ಮೊದಮೊದಲು ಅದು ಆ ಕೆಲಸವನ್ನು ತುಟಿಪಿಟಕ್ಕೆನ್ನದೆ ಮಾಡಿಕೊಂಡಿತ್ತು.

ಆಮೇಲೆ ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಪ್ಲಗಿನ್ ಎಂಬ ಪದಾರ್ಥದ ಪರಿಚಯವಾಯಿತು.

ಪ್ಲಗಿನ್ ಅಂದರೆ ಸರ್ವರಿನ ಸಾಫ್ಟ್‌ವೇರಿಗೆ ಮೇಲಿಂದ ಅಂಟಿಸುವ ಚಿಲ್ಲರೆ ಸಾಫ್ಟ್‌ವೇರು. ಯಾರೋ ಪರದೇಶದವನು ರಜೆಯ ದಿನ ಮಾಡಲು ಬೇರೆ ಕೆಲಸವಿಲ್ಲದೆ ಬರೆದು ನೆಟ್ಟಿಗೆ ಹಾಕಿರುತ್ತಾನೆ. ಪುಕ್ಕಟೆ ಸಿಗುತ್ತದೆ. ನಮ್ಮ ಮನೆಯವರದು ಬಸ್ ಸ್ಟ್ಯಾಂಡಿನ ಹತ್ತಿರ ಪೈಪು, ಮೋಟರುಗಳ ಅಂಗಡಿ. ಅಲ್ಲಿ ಒಂದು ವಾಲ್ವ್ ತರಿಸಬೇಕಾದರೂ ಮಾರುವವನ ಪ್ರಾಣ ತಿನ್ನುವ ಈ ಮನುಷ್ಯ, ಪ್ಲಗಿನ್ ಕಂಡರೆ ಮಾತ್ರ ಹಿಂದೆ ಮುಂದೆ ನೋಡುವುದಿಲ್ಲ. ಹವಾಮಾನ ತೋರಿಸಲು ಒಂದು ಹಾಕಿದರು. ಕಿಟಕಿ ತೆರೆದರೆ ಬಿಸಿಲು ಕಾಣುತ್ತದೆ, ಆದರೆ ಇವರಿಗೆ ಅದನ್ನು ಸರ್ವರ್ ಹೇಳಬೇಕು. ಹಾಡಿನ ಸಾಹಿತ್ಯ ಹುಡುಕಿ ತರುವುದೊಂದು ಹಾಕಿದರು. ಅದು ನಮ್ಮ ಸೋಬಾನೆ ಪದಗಳಿಗೆ ಯಾವುದೋ ದೇಶದ ಪ್ರೇಮಗೀತೆಯ ಸಾಲುಗಳನ್ನು ತಂದು ಅಂಟಿಸಿತು. ಹಾಡಿಗೊಂದು ಚಿತ್ರ ಹುಡುಕಿ ಹಚ್ಚುವುದಂತೂ ನಮ್ಮ ಕಾಕುವಿನ ಹಾಡುಗಳಿಗೆಲ್ಲ ಗಿಟಾರು ಹಿಡಿದ ಹಳದಿ ಕೂದಲಿನ ಗಂಡಸೊಬ್ಬನ ಫೋಟೋ ಹಚ್ಚಿತ್ತು. ನಾನು ಅದನ್ನು ತೋರಿಸಿದರೆ ಇವರು ಹಲ್ಲು ಕಿರಿದು, ಹೊಸ ವರ್ಶನ್ ಬಂದರೆ ಸರಿಹೋಗುತ್ತದೆ ಎಂದರು. ಹೊಸ ವರ್ಶನ್ ಬಂತು. ಗಿಟಾರಿನವನ ಫೋಟೋ ಇನ್ನೂ ದೊಡ್ಡದಾಯಿತು.

ಕಾಕು ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಇರುವುದು ಅಥಣಿ ಕಡೆಯ ಐಗಳಿಯಲ್ಲಿ. ಆ ಸುತ್ತಿನಲ್ಲಿ ಯಾರ ಮನೆಯ ಮದುವೆಯಾದರೂ ಅರಿಷಿಣ ಹಚ್ಚುವಾಗ ಹಾಡು ಎತ್ತಿಕೊಡುವವಳು ಅವಳೇ. ಹಾಡುಗಳು ಅಲ್ಲಿನ ಹೆಂಗಸರಿಗೆಲ್ಲ ಅಷ್ಟಿಷ್ಟು ಬರುತ್ತವೆ, ಎತ್ತಲು ಮಾತ್ರ ಯಾರೂ ಮುಂದಾಗುವುದಿಲ್ಲ. ಕಾಕುವಿಗೆ ಒಂದು ಕಟ್ಟುನಿಟ್ಟಿತ್ತು. ಯಾವ ಹಾಡೇ ಇರಲಿ, ಅದರ ಮೊದಲು ಕೊಕಟನೂರಿನ ಎಲ್ಲಮ್ಮನಿಗೆ, ಊರ ಹನುಮಪ್ಪನಿಗೆ, ಕೊನೆಗೆ ತನಗೆ ಹಾಡು ಕಲಿಸಿದ ಅತ್ತೆಗೆ ಶರಣು ಹೇಳುವ ಒಂದು ನುಡಿಯನ್ನು ಪೂರಾ ಹಾಡಬೇಕು. ಸಾಲಾಗಿ ಎಷ್ಟು ಹಾಡು ಹಾಡಿದರೂ ಪ್ರತಿಯೊಂದಕ್ಕೂ ಅದೇ ನುಡಿ, ಅದೇ ಧಾಟಿ, ಅದೇ ನಿಧಾನ. ಅವಸರದ ಬೀಗರು ಒಮ್ಮೆ ಹೇಳಿದರೆ ಸಾಕಲ್ಲ ಎಂದರೆ, ಶರಣಿಲ್ಲದ ಹಾಡು ಕುಂಕುಮವಿಲ್ಲದ ಹಣೆ ಇದ್ದಹಾಗೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಗಂಟಲಲ್ಲಿ ಗಡ್ಡೆ ಕಂಡಾಗ ಮಿರಜದಲ್ಲಿ ಆಪರೇಶನ್ ಎಂದು ಗೊತ್ತಾಯಿತು. ದನಿ ಉಳಿಯುವ ಭರವಸೆ ಕಡಿಮೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕಾಕು ಅಳಲಿಲ್ಲ. ನನ್ನನ್ನು ಕರೆಸಿಕೊಂಡು ಹಾಡುಗಳನ್ನೆಲ್ಲ ಫೋನಿನಲ್ಲಿ ತುಂಬಿಕೊ ಎಂದಳು.

"ಮೊಮ್ಮಗಳ ಅರಿಷಿಣಕ್ಕ ಹಾಡ ಎತ್ತಾಕಿ ನಾನ," ಎಂದಳು. "ದನಿ ಹೋದ್ರ ಇದರಾಗಿಂದ ಎತ್ತತೇನಿ."

ಶಾಲೆಯ ಸೂಟಿಯಲ್ಲಿ ಅವಳ ಮನೆಯಲ್ಲೇ ಉಳಿದು ರೆಕಾರ್ಡ್ ಮಾಡಿದೆ. ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಬೆವರು ಸುರಿಸಿಕೊಂಡು ಹಾಡಿದಳು. ಅರಿಷಿಣದ ಪದ, ಮದುಮಕ್ಕಳಿಗೆ ನೀರು ಹಾಕುವಾಗಿನ ಸುರಗಿಯ ಪದ, ಬೀಗರನ್ನು ಆಡಿಸುವ ಪದ. ಕಾಗವಾಡದ ಕಡೆಯಿಂದ ಬರುವ ಮರಾಠಿ ಬೀಗತಿಯರನ್ನು ಕೆಣಕಲೆಂದು ಕನ್ನಡದ ನಡುವೆ ಮರಾಠಿಯಲ್ಲೇ ಎರಡು ನುಡಿ ಇರುವ ಒಂದು ಹಾಡನ್ನು ನಗು ತಡೆಯಲಾರದೆ ಮೂರು ಸಲ ಹಾಡಬೇಕಾಯಿತು. ಒಮ್ಮೆ ಶರಣಿನ ನುಡಿ ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಕಾಕು ಎದ್ದು ಓಡಿದಳು, ನಾನೂ ಓಡಿದೆ, ರೆಕಾರ್ಡಿಂಗ್ ಮಾತ್ರ ನಡೆದೇ ಇತ್ತು. ಅದನ್ನೂ "ಹಾಲು ಉಕ್ಕಿದ್ದು" ಎಂದು ಹೆಸರು ಕೊಟ್ಟು ಉಳಿದವುಗಳ ಜೊತೆ ಸರ್ವರಿಗೆ ಹಾಕಿದೆ. ಆ ಫೋನು ಮುಂದೆ ಕೆಟ್ಟು ಎಕ್ಸ್‌ಚೇಂಜಿಗೆ ಹೋಯಿತು. ಆಪರೇಶನ್ ಆಯಿತು, ಕಾಕು ಬದುಕಿದಳು, ದನಿ ಹೋಯಿತು. ಕಿವಿ ಹತ್ತಿರ ತಂದರೆ ಕೇಳುವಷ್ಟು ಪಿಸುಮಾತು ಮಾತ್ರ ಉಳಿಯಿತು.

ಮೊಮ್ಮಗಳ ಮದುವೆ ಗೊತ್ತಾದ ಮೇಲೆ ಹಾಡುಗಳನ್ನು ಸ್ಪೀಕರಿಗೆ ಹಾಕಿ ನೋಡೋಣವೆಂದು ಒಂದು ರವಿವಾರ ಬೆಳಿಗ್ಗೆ ಟೀವಿ ಹಚ್ಚಿದೆ. ಕಾಕುವಿನ ಹಾಡುಗಳು ಎಂಬ ಫೋಲ್ಡರಿನಲ್ಲಿ ಒಂದೇ ಒಂದು ಹಾಡು ಇತ್ತು. ಅದರ ಮೇಲೆ ಗಿಟಾರಿನವನು ನಗುತ್ತಿದ್ದ.

ಟೀವಿಯ ತಪ್ಪೆಂದುಕೊಂಡೆ. ಫೋನಿನಲ್ಲಿ ನೋಡಿದೆ, ಒಂದೇ. ಡಿಸ್ಕಿನಲ್ಲಿ ಹುಡುಕಿದೆ, ಒಂದೇ. ಇವರು ಚಹಾ ಕುಡಿಯುತ್ತ ಬಂದು, ಅದೇನೂ ಆಗಿರುವುದಿಲ್ಲ, ರೀಸ್ಟಾರ್ಟ್ ಮಾಡು ಎಂದರು. ಈ ಜಾತಿಯ ಜನರಿಗೆ ಗೊತ್ತಿರುವ ಮದ್ದು ಇದೊಂದೇ. ಮಾಡಿದೆ. ಆಮೇಲೆ ಎಲ್ಲ ಪ್ಲಗಿನ್ನುಗಳನ್ನೂ ಬಂದ್ ಮಾಡಿ, ಒಂದೊಂದನ್ನೇ ಚಾಲೂ ಮಾಡಿ, ಪ್ರತಿ ಸಲ ರೀಸ್ಟಾರ್ಟ್ ಮಾಡಿ, ಸರ್ವರ್ ತಾನು ಏನೇನು ಮಾಡಿದೆನೆಂದು ಬರೆದಿಟ್ಟುಕೊಂಡ ಲಾಗನ್ನು ಓದುತ್ತ ಕೂತೆ. ಹವಾಮಾನದ್ದು ಚಿಕ್ಕೋಡಿ ಸಿಗುತ್ತಿಲ್ಲ ಎಂದು ನಿಮಿಷಕ್ಕೊಮ್ಮೆ ದೂರು ಬರೆದು ಲಾಗನ್ನೆಲ್ಲ ತುಂಬಿಸಿತ್ತು. ಅಷ್ಟು ಕಸದ ನಡುವೆ ಹುಡುಕಿ ತೆಗೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಮನೆಯಲ್ಲಿ ಯಾರಿಗೂ ಊಟ ಸಿಕ್ಕಿರಲಿಲ್ಲ, ಸಿಗಬೇಕೆಂದು ನನಗೆ ಅನ್ನಿಸಲೂ ಇಲ್ಲ.

ನಡೆದದ್ದು ಇಷ್ಟು. ಡೂಪ್ಲಿಕೇಟ್ ಹಾಡುಗಳನ್ನು ತೆಗೆಯುವ ಪ್ಲಗಿನ್ನೊಂದನ್ನು ಇವರು ಹಾಕಿದ್ದರು. ಅದು ಪ್ರತಿ ಹಾಡಿನ ಮೊದಲ ಅರ್ಧ ನಿಮಿಷ ಮಾತ್ರ ಕೇಳುತ್ತದೆ. ಸುಮಾರಾಗಿ ಹೋಲಿದರೂ ಒಂದೇ ಎಂದು ತಿಳಿ ಎಂದು ಇವರು ಅದಕ್ಕೆ ಸಡಿಲ ಬಿಟ್ಟಿದ್ದರು, ಹೆಚ್ಚು ಜಾಗ ಉಳಿಯಲಿ ಎಂದು. ಕಾಕುವಿನ ಎಲ್ಲ ಹಾಡುಗಳ ಮೊದಲ ಅರ್ಧ ನಿಮಿಷ ಎಲ್ಲಮ್ಮನಿಗೇ ಮೀಸಲು. ಪ್ಲಗಿನ್ ಮಹಾಶಯ ಕೇಳಿದ, ಎಲ್ಲವೂ ಒಂದೇ ಹಾಡೆಂದು ತೀರ್ಮಾನಿಸಿದ, ಎಲ್ಲಕ್ಕಿಂತ ದೊಡ್ಡ ಫೈಲನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಕಸದ ಬುಟ್ಟಿಗೆ ಹಾಕಿದ. ಕಸದ ಬುಟ್ಟಿಯನ್ನು ವಾರಕ್ಕೊಮ್ಮೆ ಚೊಕ್ಕ ಮಾಡುವ ಇನ್ನೊಂದು ಪ್ಲಗಿನ್ ಅದನ್ನು ಚೊಕ್ಕ ಮಾಡಿತು. ಬ್ಯಾಕಪ್ ಪ್ಲಗಿನ್ ಇತ್ತಲ್ಲ ಎಂದು ಓಡಿ ಎರಡನೇ ಡಿಸ್ಕ್ ನೋಡಿದರೆ, ಮೊದಲ ಡಿಸ್ಕಿನಲ್ಲಿ ಇಲ್ಲದ್ದು ತನ್ನಲ್ಲೂ ಇರಬಾರದೆಂದು ಅದೂ ಎಲ್ಲವನ್ನು ಅಳಿಸಿ ಕೂತಿತ್ತು. ಲಾಗಿನಲ್ಲಿ ಮೂರೂ ಕಡೆ ಹಸಿರು ಗುರುತು, ಕೆಲಸ ಯಶಸ್ವಿ. ಎಲ್ಲಾದರೂ ಒಂದು ಕೆಂಪು ಅಕ್ಷರ ಇದ್ದಿದ್ದರೂ ನನಗೆ ಇಷ್ಟು ಮೈ ಉರಿಯುತ್ತಿರಲಿಲ್ಲ.

ಅಳಿಸಿದ್ದನ್ನು ಮರಳಿ ತರಿಸುವ ಸಾಫ್ಟ್‌ವೇರು ಓಡಿಸಿದೆ. ಹಾಡುಗಳಿದ್ದ ಜಾಗದಲ್ಲಿ ಹೊಸ ವರ್ಶನ್ನಿನ ದೊಡ್ಡ ದೊಡ್ಡ ಚಿತ್ರಗಳು ಬಂದು ಕೂತಿದ್ದವು. ಕಾಕುವಿನ ದನಿಯ ಮೇಲೆ ಆ ಗಿಟಾರಿನವನು ಕುಂಡೆಯೂರಿದ್ದ. ಸಿಕ್ಕದ್ದು ಕಿರ್‍ರ್ ಎನ್ನುವ ಚೂರುಗಳು. ಪ್ಲಗಿನ್ ಬರೆದವರ ಫೋರಮ್ಮಿನಲ್ಲಿ ನನ್ನ ಕಷ್ಟ ಬರೆದೆ. ಒಬ್ಬ ಹೇಳಿದ, ನನ್ನ ಮನೆಯಲ್ಲಿ ಸರಿಯಾಗಿಯೇ ನಡೆಯುತ್ತಿದೆ. ಇನ್ನೊಬ್ಬ, ಎಲ್ಲ ಹಾಡನ್ನೂ ಒಂದೇ ಥರ ಶುರು ಮಾಡುವುದು ಒಳ್ಳೆಯ ಅಭ್ಯಾಸವಲ್ಲ, ಗಾಯಕಿಗೆ ತಿಳಿಸಿ ಎಂದ. ಈ ಮಾತು ಬರೆದವನು ನನ್ನ ಎದುರು ಇದ್ದಿದ್ದರೆ ನನ್ನ ನೌಕರಿ ಹೋಗುತ್ತಿತ್ತು.

ಇವರು ಮಾತ್ರ ಇನ್ನೂ ತಮ್ಮ ಪ್ಲಗಿನ್ನಿನ ಪರವೇ.

"ಅದರ ತಪ್ಪ ಏನೈತಿ?" ಎಂದರು. "ಅದಕ್ಕ ಹೇಳಿದ್ದ ಅದು ಮಾಡೈತಿ."

"ಹೇಳಿದವ್ರು ಯಾರ್ರಿ?" ಎಂದೆ. ಆಮೇಲೆ ಅವರು ಅಂಗಡಿಗೆ ಹೋದರು, ರವಿವಾರ ಅಂಗಡಿ ಬಂದ್ ಇರುತ್ತದೆ ಎನ್ನುವುದೂ ಅವರಿಗೆ ನೆನಪಾಗಲಿಲ್ಲ.

ಅಷ್ಟು ಗಡಿಬಿಡಿಯಲ್ಲಿ ಉಳಿದ ಹಾಡಿನ ಹೆಸರನ್ನೂ ನೋಡಿರಲಿಲ್ಲ, ಸಂಜೆ ನೋಡಿ ಹಚ್ಚಿ ಕೇಳಿದೆ. "ಹಾಲು ಉಕ್ಕಿದ್ದು." ನಿಲ್ಲಿಸುವುದನ್ನು ಮರೆತ ಕಾರಣಕ್ಕೆ ಅದೇ ಎಲ್ಲಕ್ಕಿಂತ ದೊಡ್ಡ ಫೈಲು. ಶರಣಿನ ನುಡಿ ಮುಗಿಯುತ್ತದೆ, ಆಮೇಲೆ ಪಾತ್ರೆಗಳ ಸದ್ದು, ಬರೀ ಮಾತು. ಹಾಡೇ ಇಲ್ಲ. ಆಯ್ದು ಆಯ್ದು ಹಾಡಿಲ್ಲದ ಹಾಡನ್ನು ಉಳಿಸಿತ್ತು ಆ ಮುಠ್ಠಾಳ ಯಂತ್ರ. ಅಂಗಡಿಯಿಂದ ಮೆತ್ತಗಾಗಿ ಬಂದಿದ್ದ ಇವರು, ಗದ್ದಲ ತೆಗೆಯುವ ಪ್ಲಗಿನ್ನೊಂದು ಇದೆ, ಕೊನೆಗಿರುವ ಆ ಮಾತು, ಸದ್ದನ್ನಾದರೂ ಕತ್ತರಿಸಿ ತೆಗೆಯಲೇ ಎಂದು ಕೇಳಿದರು. ಅದಕ್ಕೆ ಕೈ ಹಚ್ಚಿದರೆ ಸರ್ವರನ್ನೂ ನಿಮ್ಮನ್ನೂ ಒಟ್ಟಿಗೆ ಹೊರಗೆ ಹಾಕುತ್ತೇನೆ ಎಂದೆ. ಅವತ್ತೇ ಎಲ್ಲ ಪ್ಲಗಿನ್ನುಗಳನ್ನೂ ಕಿತ್ತೆ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಸರ್ವರಿನಲ್ಲಿ ಹವಾಮಾನವಿಲ್ಲ.

ಮರುದಿನವೇ ಐಗಳಿಗೆ ಹೋಗಿ ಕಾಕುವಿಗೆ ಹೇಳಿದೆ. ಹಾಡುಗಳು ಹೋದವು, ಒಂದು ಉಳಿದಿದೆ, ಅದರಲ್ಲೂ ಹಾಡಿಲ್ಲ, ಶರಣಷ್ಟೇ ಇದೆ. ಹೇಳುವಾಗ ನನಗೆ ಅಳು ಬಂತು. ಕಾಕು ಅಕ್ಕಿ ಹಸನ ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. ಆಮೇಲೆ ಕೈ ಮಾಡಿ ಹತ್ತಿರ ಕರೆದಳು.

"ಶರಣ ಪೂರಾ ಐತಿ?" ಎಂದು ಪಿಸುಗುಟ್ಟಿದಳು.

ಇದೆ ಎಂದೆ.

"ಹಂಗಾರ ಎತ್ತಾಕ ಆತಲ್ಲ. ಮುಂದಿಂದು ಅವರ ಹಾಡ್ಲಿ, ಬಂದಷ್ಟು."

ಅರಿಷಿಣದ ದಿನ ಚಪ್ಪರದ ಕೆಳಗೆ ಕಾಕು ಮಣೆಯ ಮೇಲೆ ಕೂತಳು. ತೊಡೆಯ ಮೇಲೆ ನನ್ನ ಫೋನು, ಪಕ್ಕದಲ್ಲಿ ಸ್ಪೀಕರು. ಒತ್ತುವುದು ಎಲ್ಲಿ, ನಿಲ್ಲಿಸುವುದು ಎಲ್ಲಿ ಎಂದು ನಾನು ಒಮ್ಮೆ ತೋರಿಸಿದ್ದೆ. ಅವಳು ಒತ್ತಿದಳು. ಎಲ್ಲಮ್ಮನಿಗೆ, ಹನುಮಪ್ಪನಿಗೆ, ಅತ್ತೆಗೆ ಶರಣು ಹೇಳುವ ಅವಳ ಹಳೆಯ ತುಂಬುದನಿ ಚಪ್ಪರದ ತುಂಬ ಎದ್ದಿತು. ಕೊನೆಯ ಅಕ್ಷರ ಮುಗಿಯುತ್ತಲೇ ನಿಲ್ಲಿಸಿ, ಹೆಂಗಸರ ಕಡೆ ಕೈಯೆತ್ತಿದಳು. ಅವರು ಮೊದಲು ಮುಖಮುಖ ನೋಡಿಕೊಂಡರು, ಆಮೇಲೆ ಹಾಡಿದರು. ಆ ಹಾಡು ಮುಗಿದ ಮೇಲೆ ಮತ್ತೆ ಅದೇ ನುಡಿ, ಮತ್ತೆ ಕೈ, ಇನ್ನೊಂದು ಹಾಡು. ಎಲ್ಲವೂ ಬರಲಿಲ್ಲ. ಬೀಗತಿಯರನ್ನು ಆಡಿಸುವ ಹಾಡು ಮರಾಠಿ ನುಡಿ ಬರುವಲ್ಲಿಗೆ ನಿಂತುಹೋಯಿತು. ಯಾರಿಗೂ ಮುಂದಿನದು ನೆನಪಿರಲಿಲ್ಲ. ಕಾಕು ತುಟಿ ಅಲ್ಲಾಡಿಸಿ ಹೇಳಿಕೊಡಲು ನೋಡಿದಳು, ಗದ್ದಲದಲ್ಲಿ ಕೇಳಿಸಲಿಲ್ಲ. ಆಗ ನಾನು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಇವರನ್ನು ನೋಡಿದೆ. ಇವರು ತಲೆ ತಗ್ಗಿಸಿದರು. ಅಷ್ಟಾದರೂ ಮಾಡಿದರಲ್ಲ.

ಕೊನೆಯ ಹಾಡಿಗೆ ಶರಣು ಮುಗಿದರೂ ಕಾಕು ಫೋನು ನಿಲ್ಲಿಸಲಿಲ್ಲ. ಮರೆತಳೆಂದು ನಾನು ಕೈ ಚಾಚಿದೆ. ಅವಳು ನನ್ನ ಕೈ ಸರಿಸಿದಳು. ಸ್ಪೀಕರಿನಲ್ಲಿ ಪಾತ್ರೆ ಬಿದ್ದ ಸದ್ದು, ಬಳೆಗಳ ಸದ್ದು, ಆಮೇಲೆ ಕಾಕುವಿನ ಗಟ್ಟಿ ದನಿ. "ಉಕ್ಕಿತಲ್ಲ ಎಲ್ಲಾ, ಏನ ನೋಡ್ಕೋತ ಕುಂತಿದ್ದೆ ಬೇ ನೀ? ಬಟ್ಟಿ ತಾ ಇಲ್ಲೆ. ಇದ್ದದ್ದರಾಗ ಚಾ ಮಾಡತೇನಿ, ಕುಂದರು."

ಹೆಂಗಸರು ನಕ್ಕರು. ನಗುತ್ತ ನಗುತ್ತ ಒಬ್ಬೊಬ್ಬರೇ ಸ್ಪೀಕರಿನ ಹತ್ತಿರ ಸರಿದರು. ಆ ದನಿಯಲ್ಲಿ ಅವಳು ಬೈದದ್ದನ್ನು, ಚಹಾಕ್ಕೆ ಕರೆದದ್ದನ್ನು ಕೇಳಿ ಎಲ್ಲರಿಗೂ ಬಹಳ ದಿನವಾಗಿತ್ತು. ಅರಿಷಿಣ ಮೆತ್ತಿದ ಮೊಮ್ಮಗಳು ಎದ್ದು ಬಂದು ಅಜ್ಜಿಯ ಪಕ್ಕ ಕೂತಳು. ಸ್ಪೀಕರಿನ ಕಾಕು ಸಕ್ಕರೆ ಡಬ್ಬಿ ಹುಡುಕುತ್ತಿದ್ದಳು, ಬೆಕ್ಕನ್ನು ಓಡಿಸುತ್ತಿದ್ದಳು, ಗೋಡೆಯಾಚೆಯ ನೆರೆಯವಳಿಗೆ ಏನೋ ಕೂಗಿ ಹೇಳುತ್ತಿದ್ದಳು. ಮಣೆಯ ಮೇಲಿನ ಕಾಕು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಮುಗಿದ ಮೇಲೆ ಫೋನನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, ನನ್ನ ಕಿವಿಯನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು.

"ಇದನ್ನ ಯಾವುದರ ಕೈಯಾಗೂ ಕೊಡಬ್ಯಾಡ, ಯವ್ವಾ," ಎಂದಳು.