ಅರ್ಧ ಮಾತ್ರೆಯ ಉಳಿತಾಯ

ಬಟ್ಟೆ ಉಳಿಸುವುದರಲ್ಲಿ ಅವನನ್ನು ಮೀರಿಸಿದ ಟೈಲರ್ ಇರಲಿಲ್ಲ. ಬೇರೆಯವರು ಎರಡು ಮೀಟರ್ ಕೇಳುವ ಶರ್ಟನ್ನು ಒಂದೂಮುಕ್ಕಾಲಿನಲ್ಲಿ ಮುಗಿಸಿ, ಮಿಕ್ಕ ಚೂರನ್ನೂ ಮಡಚಿ ಗಿರಾಕಿಯ ಕೈಗಿಡುತ್ತಿದ್ದ. ಜನ ಅವನಿಗೆ ಉಳಿಕೆ ಮಾಸ್ತರ ಎಂದು ಹೆಸರಿಟ್ಟರು. ಅವನಿಗೋ ಅದೇ ದೊಡ್ಡ ಬಿರುದು.

ಅಂಗಡಿಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದವಳು ಅವನ ಅಕ್ಕ, ತಾಯಿ ಹೋದ ಮೇಲೆ ಅವನನ್ನು ಸಾಕಿದವಳು. ಅವಳಿಗೆ ಸ್ಕಿಜೋಫ್ರೇನಿಯಾ. ದಿನಕ್ಕೊಂದು ಮಾತ್ರೆ ನುಂಗಿಕೊಂಡು ಐದು ವರ್ಷ ಚೆನ್ನಾಗಿದ್ದಳು. ಇಷ್ಟು ಚೆನ್ನಾಗಿರುವವಳಿಗೆ ಇಡೀ ಮಾತ್ರೆ ಏತಕ್ಕೆ ಅನ್ನಿಸಿತು ಮಾಸ್ತರನಿಗೆ. ಅಲ್ಲ, ಅವಳು ಚೆನ್ನಾಗಿದ್ದದ್ದೇ ಆ ಮಾತ್ರೆಯಿಂದ ಅಂತ ಈ ಮಹಾಬುದ್ಧಿವಂತನಿಗೆ ಯಾರು ಹೇಳಬೇಕು! ನೂಲು ಕತ್ತರಿಸುವ ಕತ್ತರಿಯಲ್ಲೇ ಪ್ರತಿ ಮಾತ್ರೆಯನ್ನೂ ಎರಡು ಮಾಡಿದ. "ಡಾಕ್ಟ್ರೇ ಕಡಿಮೆ ಮಾಡಿದಾರೆ ಅಕ್ಕ" ಅಂದ. ಅವಳು ಮರುಮಾತಾಡದೆ ನುಂಗಿದಳು.

ಮೂರನೆಯ ತಿಂಗಳಿಗೆ ಅಕ್ಕ ನಿದ್ದೆ ಬಿಟ್ಟಳು. ಕನ್ನಡಿಯೊಳಗೆ ಕೂತು ಯಾರೋ ಬೈಯುತ್ತಾರೆಂದು ಅದಕ್ಕೆ ಬಟ್ಟೆ ಹೊದಿಸಿದಳು. ಒಂದು ಮಧ್ಯಾಹ್ನ ಬರಿಗಾಲಲ್ಲಿ ಬಸ್ಸುಗಳ ನಡುವೆ ಓಡಿದಳು.

ಆಸ್ಪತ್ರೆಯಲ್ಲಿ ಜೊತೆಗೊಬ್ಬರು ಇರಲೇಬೇಕು ಎಂದರು. ಇನ್ಯಾರಿದ್ದಾರೆ? ಅಂಗಡಿಗೆ ಬೀಗ ಬಿತ್ತು. ಮುನ್ನೂರು ಶಾಲಾ ಸಮವಸ್ತ್ರದ ಕೆಲಸ ಪಕ್ಕದ ಬೀದಿಯವನ ಪಾಲಾಯಿತು. ಹಾಸಿಗೆ, ಚುಚ್ಚುಮದ್ದು, ರಕ್ತಪರೀಕ್ಷೆ ಅಂತ ಮೋಟಾರಿನ ಹೊಲಿಗೆ ಯಂತ್ರವೂ ಹೋಯಿತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದುಕೊಂಡಿದ್ದ. ಅರ್ಧ ಮಾತ್ರೆಗಳಲ್ಲಿ ಉಳಿಸಿದ್ದು ಆಸ್ಪತ್ರೆಯ ಒಂದು ದಿನಕ್ಕೂ ಸಾಲುತ್ತಿರಲಿಲ್ಲ. ಆದರೂ ಅವನನ್ನು ಸುಡುತ್ತಿದ್ದದ್ದು ಖರ್ಚಲ್ಲ, ನಾಚಿಕೆ.

ಅಕ್ಕ ಸ್ವಲ್ಪ ಸುಧಾರಿಸಿದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕರೆಸಿ ಕೇಳಿದರು: "ಮಾತ್ರೆ ತಪ್ಪಿಸಿದ್ರಾ? ನಿಜ ಹೇಳಿ. ಸರಿಯಾಗಿ ತಗೊಂಡೂ ಹೀಗಾಗಿದ್ರೆ ಔಷಧಿನೇ ಬದಲಾಯಿಸ್ಬೇಕು, ಇನ್ನೂ ಮೂರು ವಾರ ಇಲ್ಲೇ ಇರ್ಬೇಕು."

ಹೇಳಬೇಕು, ಈಗಲೇ ಹೇಳಬೇಕು ಅಂದುಕೊಂಡ ಮಾಸ್ತರ. ಬಾಯಿ ಬರಲಿಲ್ಲ.

"ನಾನೇ ಉಗುಳಿಬಿಡ್ತಿದ್ದೆ" ಅಂದಳು ಅಕ್ಕ.

ಹೊರಗೆ ಬಂದಾಗ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ಯಾಕಕ್ಕ ಹಾಗಂದೆ?"

"ಸುಮ್ನಿರೋ. ಡಾಕ್ಟ್ರು ಹೇಳಿಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತು. ನಿನ್ನ ಕೈ ಬಿಗಿ ಇದೆ ಅಂತ ನುಂಗ್ಕೊಂಡೆ. ಹುಚ್ಚಿ ಉಗುಳಿದ್ಲು ಅಂದ್ರೆ ಯಾರೂ ಏನೂ ಅನ್ಕೊಳ್ಳಲ್ಲ. ನೀನು ಮತ್ತೆ ಊರೆದುರು ಅಂಗಡಿ ತೆಗೀಬೇಕು."

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೂ, ಥೂ, ಡಾಕ್ಟರಮ್ಮನ ಹತ್ತಿರ ವಾಪಸ್ ಹೋಗಲಿಲ್ಲ.

ಸಂಜೆ ನರ್ಸಮ್ಮ ಮಾತ್ರೆ ತಂದರು. ಅಕ್ಕ ನುಂಗಿದಳು. "ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ. ನಾಲಿಗೆ ಎತ್ತಿ. ಉಗುಳೋರನ್ನ ನಂಬೋ ಹಾಗಿಲ್ಲ." ಅವನಿಗೆ ತುತ್ತು ತಿನ್ನಿಸಿ ಬೆಳೆಸಿದವಳು ಹತ್ತು ಜನರೆದುರು ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸುತ್ತಿದ್ದಳು.

"ನೋಡ್ಬೇಡಿ ಸಿಸ್ಟರ್!" ಮಾಸ್ತರ ಎದ್ದುನಿಂತ. "ಅವಳು ಒಂದೂ ಉಗುಳಿಲ್ಲ. ದುಡ್ಡು ಉಳಿಸೋಕೆ ನಾನೇ ಕತ್ತರಿಸಿ ಅರ್ಧರ್ಧ ಕೊಡ್ತಿದ್ದೆ."

ಇಡೀ ವಾರ್ಡು ತಿರುಗಿ ಅವನನ್ನೇ ನೋಡಿತು. ಅಕ್ಕ ಮೆಲ್ಲಗೆ ಬಾಯಿ ಮುಚ್ಚಿಕೊಂಡಳು.